ಕೋಡ್ ನಮ್ಮದೇ, ಪೇಟೆಂಟ್ ಪರರದು: ತೆಗೆಯಬೇಕೇ?

ಮೂಲೆಮನೆ: ಮೂವರು ಗೆಳೆಯರು ಬಿಡುವಿನಲ್ಲಿ ನಡೆಸುವ ನಮ್ಮ ಮುಕ್ತ (ಯಾರು ಬೇಕಾದರೂ ಬಳಸಿ ತಿದ್ದಬಹುದಾದ) ತಂತ್ರಾಂಶಕ್ಕೆ ವಕೀಲರ ಪತ್ರ ಬಂದಿದೆ. ಚಿತ್ರಗಳನ್ನು ಗುಂಪುಗೂಡಿಸುವ ಸೌಲಭ್ಯ ಅವರ ಕಕ್ಷಿದಾರರ ಪೇಟೆಂಟಿಗೆ ಸೇರಿದ್ದಂತೆ. ಪ್ರತಿ ಸಾಲನ್ನೂ ನಾವೇ ಬರೆದಿದ್ದೇವೆ, ಎಲ್ಲಿಂದಲೂ ಕದ್ದಿಲ್ಲ. ಆದರೂ ತೆಗೆದುಹಾಕಬೇಕೇ?

ಅರೆಕಾಲಿಕ: ಕದ್ದಿಲ್ಲ ಎಂಬ ವಾದ ಕೃತಿಸ್ವಾಮ್ಯದ ಮೊಕದ್ದಮೆಯಲ್ಲಿ ನಡೆದೀತು, ಇಲ್ಲಿ ನಡೆಯದು. ಅದೇ ಉಪಾಯ ನಿಮಗೆ ಸ್ವತಂತ್ರವಾಗಿ ಹೊಳೆದಿದ್ದರೂ ಪೇಟೆಂಟ್ ಪಡೆದವರು ತಡೆಯಬಹುದು.

ದೀಪಸ್ತಂಭ: ಇಷ್ಟು ಹೆದರಿಸಬೇಕೇ? 2019ರಲ್ಲಿ ಶಾಟ್‌ವೆಲ್ ಎಂಬ ಫೋಟೊ ತಂತ್ರಾಂಶಕ್ಕಾಗಿ, ಮುಕ್ತ ತಂತ್ರಾಂಶ ರೂಪಿಸುವ ಗ್ನೋಮ್ ಪ್ರತಿಷ್ಠಾನದ ಮೇಲೆ ರಾಥ್‌ಚೈಲ್ಡ್ ಪೇಟೆಂಟ್ ಇಮೇಜಿಂಗ್ ಎಂಬ ಕಂಪನಿ ದಾವೆ ಹೂಡಿತು. ಪ್ರತಿಷ್ಠಾನ ಬಗ್ಗಲಿಲ್ಲ. ಮರುವರ್ಷ ರಾಜಿಯಾಗಿ, ಮುಕ್ತ ಪರವಾನಗಿಯ ಬೇರೆ ತಂತ್ರಾಂಶಗಳ ಮೇಲೂ ದಾವೆ ಹೂಡುವುದಿಲ್ಲವೆಂದು ರಾಥ್‌ಚೈಲ್ಡ್‌ನವರು ಒಪ್ಪಿಕೊಂಡರು.

ಅರೆಕಾಲಿಕ: ಗ್ನೋಮ್‌ಗೆ ಪ್ರತಿಷ್ಠಾನವಿತ್ತು, ದೇಣಿಗೆ ಹರಿದುಬಂತು, ವಕೀಲರು ಶುಲ್ಕವಿಲ್ಲದೆ ನಿಂತರು. ಈ ಮೂವರಿಗೆ ಯಾರಿದ್ದಾರೆ? ನಿಜವಾದ ಹಾನಿ ನ್ಯಾಯಾಲಯದ ಮೆಟ್ಟಿಲನ್ನೇ ಹತ್ತುವುದಿಲ್ಲ. ಅಕ್ಷರಗಳನ್ನು ಪರದೆಯ ಮೇಲೆ ಸ್ಫುಟವಾಗಿಸುವ ಕೋಡ್ ಫ್ರೀಟೈಪ್ ಎಂಬ ಮುಕ್ತ ತಂತ್ರಾಂಶದಲ್ಲಿ ಸಿದ್ಧವಾಗಿಯೇ ಇತ್ತು. ಆಪಲ್‌ನ ಪೇಟೆಂಟ್ ಅವಧಿ 2010ರಲ್ಲಿ ಮುಗಿಯುವವರೆಗೂ ಅದು ಕೆಲಸ ಮಾಡದಂತೆ ನಿಲ್ಲಿಸಿಟ್ಟೇ ಹಂಚುತ್ತಿದ್ದರು. ದಾವೆಯಿಲ್ಲ, ತೀರ್ಪಿಲ್ಲ, ಮಸುಕು ಅಕ್ಷರ ಓದಿದವರು ಮಾತ್ರ ನಾವು.

ಲೆಕ್ಕಿಗ: ಅದಕ್ಕೇ ಓಪನ್ ಇನ್ವೆನ್ಷನ್ ನೆಟ್‌ವರ್ಕ್ ಇದೆಯಲ್ಲ, ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯ ವಿಷಯದಲ್ಲಿ ಪರಸ್ಪರ ಪೇಟೆಂಟ್ ದಾವೆ ಹೂಡೆವೆಂದು ಒಪ್ಪಿಕೊಂಡವರ ಕೂಟ. 2018ರಲ್ಲಿ ಮೈಕ್ರೋಸಾಫ್ಟ್ ಕೂಡ 60,000ಕ್ಕೂ ಹೆಚ್ಚು ಪೇಟೆಂಟ್‌ಗಳೊಂದಿಗೆ ಸೇರಿತು. ಲಿನಕ್ಸ್ ತಮ್ಮ 235 ಪೇಟೆಂಟ್‌ಗಳನ್ನು ಉಲ್ಲಂಘಿಸುತ್ತದೆ ಎಂದು 2007ರಲ್ಲಿ ಗುಡುಗಿದ್ದವರೇ!

ಅರೆಕಾಲಿಕ: ಲಿನಕ್ಸ್ ಒಂದೇ ಅಲ್ಲ, ಬೇರೆ ಮುಕ್ತ ತಂತ್ರಾಂಶಗಳನ್ನೂ ಆ ಪಟ್ಟಿಗೆ ಸೇರಿಸಿದ್ದರು. ಅದಿರಲಿ. ಪರಸ್ಪರ ದಾವೆ ಹೂಡದಿರುವ ಒಪ್ಪಂದಕ್ಕೆ ಬರುವವರು ಸರಕು ಮಾರುವವರು, ತಿರುಗಿ ತಮ್ಮ ಮೇಲೂ ದಾವೆ ಬಿದ್ದೀತೆಂದು ಹೆದರುವವರು. ಏನನ್ನೂ ತಯಾರಿಸದೆ ಪೇಟೆಂಟ್ ದಾವೆಯಿಂದಲೇ ಹಣ ಮಾಡುವ ‘ಪೇಟೆಂಟ್ ಟ್ರೋಲ್‌’ಗೆ ಕಳೆದುಕೊಳ್ಳಲು ಏನಿದೆ? ಮುಕ್ತ ತಂತ್ರಾಂಶಗಳಿಗೆ ಬಳಸುವ ಅಪಾಚೆ 2.0 ಪರವಾನಗಿಯ ಕಥೆಯೂ ಅಷ್ಟೇ. ಆ ತಂತ್ರಾಂಶದ ವಿರುದ್ಧ ಪೇಟೆಂಟ್ ದಾವೆ ಹೂಡಿದವರಿಗೆ ಅದರಲ್ಲಿನ ಪೇಟೆಂಟ್ ಅನುಮತಿ ರದ್ದಾಗುತ್ತದೆ. ಅದನ್ನು ಬಳಸದವನಿಗೆ ರದ್ದಾದರೇನು, ಉಳಿದರೇನು?

ಹಳೇಗಣಿತ: ಪೇಟೆಂಟೇ ಪಾಪವೆಂಬ ಧಾಟಿ ನನಗೆ ಒಪ್ಪಿಗೆಯಿಲ್ಲ. ಎಂಪಿ3 ಧ್ವನಿ ತಂತ್ರದ ಪೇಟೆಂಟ್‌ಗಳ ಹಿಂದೆ ವರ್ಷಗಟ್ಟಲೆ ಸಂಶೋಧನೆಯಿತ್ತು. ಆದರೆ ಒಂದೇ ಕ್ಲಿಕ್ಕಿನಲ್ಲಿ ಖರೀದಿಸುವುದಕ್ಕೂ 1999ರಲ್ಲಿ ಅಮೆಜಾನ್‌ಗೆ ಪೇಟೆಂಟ್ ಸಿಕ್ಕಿತು ನೋಡಿ, ಅದನ್ನು ಸಮರ್ಥಿಸಲು ನನಗೂ ಬಾಯಿ ಬರುವುದಿಲ್ಲ. ಅಮೂರ್ತ ವಿಚಾರವನ್ನು ಕಂಪ್ಯೂಟರಿನಲ್ಲಿ ಮಾಡಿದ ಮಾತ್ರಕ್ಕೆ ಪೇಟೆಂಟ್ ಸಲ್ಲದೆಂದು ಅಮೆರಿಕದ ಸುಪ್ರೀಂ ಕೋರ್ಟ್ 2014ರ ಆಲಿಸ್ ಪ್ರಕರಣದಲ್ಲಿ ಹೇಳಿದೆ. ಮೂಲೆಮನೆಯವರೇ, ಪತ್ರದಲ್ಲಿರುವ ಪೇಟೆಂಟ್ ಯಾವ ದೇಶದ್ದು? ಸಂಖ್ಯೆ ಎಷ್ಟು? ಒಂದು ದೇಶದ ಪೇಟೆಂಟ್ ಇನ್ನೊಂದರಲ್ಲಿ ನಡೆಯದು.

ಮೂಲೆಮನೆ: ಈಗ ಮತ್ತೆ ಓದಿದೆ. ಮೂರು ಪುಟಗಳಲ್ಲಿ ಎಲ್ಲಿಯೂ ಸಂಖ್ಯೆಯಿಲ್ಲ, ದೇಶದ ಹೆಸರೂ ಇಲ್ಲ. ನಿನ್ನೆ ರಾತ್ರಿಯೇ ನಾನು ಆ ಸೌಲಭ್ಯವನ್ನು ಅಳಿಸಿ ಹೊಸ ಆವೃತ್ತಿ ಬಿಡುಗಡೆ ಮಾಡಿಬಿಟ್ಟಿದ್ದೇನೆ.

ಅರೆಕಾಲಿಕ: ನಾನು ಹೇಳಿದ್ದು ಇದನ್ನೇ, ದಾವೆಯಿಲ್ಲದೆಯೇ ಹಾನಿಯಾಯಿತು. ಮೊದಲು ಒಬ್ಬ ವಕೀಲರಿಗೆ ಪತ್ರ ತೋರಿಸಿ, ಅವರ ಮೂಲಕವೇ ಸಂಖ್ಯೆ ಕೇಳಿ. ಹಳೆಯ ಆವೃತ್ತಿಯ ಪ್ರತಿ ಉಳಿದಿದೆ ತಾನೆ?