ಹಾಟ್‌ಲೈನ್ ಅಂದ್ರೆ ಕೆಂಪು ಫೋನಾ? ವಸ್ತುಪ್ರದರ್ಶನದ ಮಾದರಿಗೆ ಬೇಕಿತ್ತು

ಪ್ರಶ್ನೆ: ಮಂಡ್ಯದ ಮೇಷ್ಟ್ರು
ಪಿಯು ಮಕ್ಕಳು ಶೀತಲ ಸಮರದ ಮಾದರಿ ಮಾಡುತ್ತಿದ್ದಾರೆ. ಒಂದು ಕಡೆ ಶ್ವೇತಭವನ, ಇನ್ನೊಂದು ಕಡೆ ಕ್ರೆಮ್ಲಿನ್, ಎರಡಕ್ಕೂ ಒಂದೊಂದು ಕೆಂಪು ಫೋನು. ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿ ಇಟ್ಟಾಗ ಎದ್ದ ಬಿಕ್ಕಟ್ಟಿನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ, ಸೋವಿಯತ್ ನಾಯಕ ಕ್ರುಶ್ಚೇವ್ ಇದರಲ್ಲೇ ಮಾತಾಡಿದ್ದು ಅಂತ ಫಲಕ ಬರೆಯಬಹುದಾ?

ಸರಸ್ವತಿಪುರಂ ಓದುಗ
ಬೇಡಿ ಮೇಷ್ಟ್ರೇ, ಫೋನು ತೆಗೆಸಿಬಿಡಿ. ಆ ಬಿಕ್ಕಟ್ಟು ನಡೆದ 1962ರ ಅಕ್ಟೋಬರ್‌ನಲ್ಲಿ ಹಾಟ್‌ಲೈನೇ, ಅಂದರೆ ಎರಡು ರಾಜಧಾನಿಗಳ ನಡುವಿನ ನೇರ ಸಂಪರ್ಕವೇ, ಇರಲಿಲ್ಲ. ಅಕ್ಟೋಬರ್ 26ರಂದು ಕ್ರುಶ್ಚೇವ್ ಕಳಿಸಿದ ಪತ್ರ ಪೂರ್ತಿ ವಾಷಿಂಗ್ಟನ್ ತಲುಪಿ ಅನುವಾದ ಆಗೋ ಹೊತ್ತಿಗೆ ಸುಮಾರು 12 ಗಂಟೆ ಹಿಡಿಯಿತು. ಸೋವಿಯತ್ ರಾಯಭಾರಿ ಡೊಬ್ರಿನಿನ್ ಅವರ ಗುಪ್ತ ತಂತಿಗಳನ್ನು ತಂತಿ ಕಂಪನಿಯ ಹುಡುಗ ಸೈಕಲ್‌ನಲ್ಲಿ ಬಂದು ಒಯ್ಯುತ್ತಿದ್ದ. 28ಕ್ಕೆ ಕ್ಷಿಪಣಿ ಹಿಂತೆಗೆಯುವ ಒಪ್ಪಿಗೆಯನ್ನು ಮಾಸ್ಕೋ ರೇಡಿಯೋದಲ್ಲೇ ಓದಿಸಿದರು, ಬೇಗ ತಲುಪಲಿ ಅಂತ.

ಕ್ಯೂಬಾದಿಂದ ಫ್ಲಾರಿಡಾದ ಕೀ ವೆಸ್ಟ್‌ಗೆ ಹೆಚ್ಚುಕಮ್ಮಿ ಮೈಸೂರು-ಬೆಂಗಳೂರಿನಷ್ಟೇ ದೂರ. ಕ್ಯೂಬಾದಲ್ಲಿಟ್ಟಿದ್ದ ಸೋವಿಯತ್ ಆರ್-12 ಕ್ಷಿಪಣಿಯ ವ್ಯಾಪ್ತಿ ಸುಮಾರು 2,000 ಕಿ.ಮೀ. ಕ್ಷಿಪಣಿಗೆ ನಿಮಿಷಗಳು ಸಾಕು, ಪತ್ರಕ್ಕೆ ಅರ್ಧ ದಿನ! ಫಲಕದಲ್ಲಿ ಇದನ್ನೇ ದೊಡ್ಡದಾಗಿ ಬರೆಸಿ. ಹಾಟ್‌ಲೈನ್ ಒಪ್ಪಂದಕ್ಕೆ ಜಿನೀವಾದಲ್ಲಿ ಸಹಿ ಬಿದ್ದದ್ದು 1963ರ ಜೂನ್ 20, ಸಂಪರ್ಕ ಶುರುವಾದದ್ದು ಆಗಸ್ಟ್ 30.

ತಂತಿ ಕಚೇರಿ
ಹಾಟ್‌ಲೈನಿನ ಯಂತ್ರ ಟೆಲಿಪ್ರಿಂಟರ್, ಅಂದರೆ ಒಂದು ಕಡೆ ಟೈಪ್ ಮಾಡಿದ್ದು ಇನ್ನೊಂದು ಕಡೆ ಅಚ್ಚಾಗುವ ಯಂತ್ರ. ಬಾಯಿಮಾತು ಬೇಕಂತಲೇ ಬಿಟ್ಟರು. ದುಭಾಷಿ ಅವಸರದಲ್ಲಿ ಒಂದು ಪದ ತಪ್ಪಿದರೆ ಸರಿಪಡಿಸಲು ವ್ಯವಧಾನ ಇರೋಲ್ಲ. ಅಮೆರಿಕ ಇಂಗ್ಲಿಷ್‌ನಲ್ಲಿ, ಸೋವಿಯತ್ ರಷ್ಯನ್‌ನಲ್ಲಿ ಕಳಿಸುವುದು, ಅನುವಾದ ಪಡೆದವರ ಕೆಲಸ. ಅದಕ್ಕೇ ಎರಡೂ ಕಡೆ ಎರಡೂ ಲಿಪಿಯ ಯಂತ್ರ ಇರಬೇಕು. ಅಮೆರಿಕದ ತುದಿ ಇದ್ದದ್ದು ಅವರ ರಕ್ಷಣಾ ಇಲಾಖೆಯ ಕಚೇರಿ ಪೆಂಟಗನ್‌ನಲ್ಲಿ, ಶ್ವೇತಭವನದಲ್ಲಲ್ಲ, ಅದನ್ನೂ ತಿದ್ದಿಸಿ. ತಂತಿಯ ದಾರಿ: ವಾಷಿಂಗ್ಟನ್, ಲಂಡನ್, ಕೋಪನ್‌ಹೇಗನ್, ಸ್ಟಾಕ್‌ಹೋಮ್, ಹೆಲ್ಸಿಂಕಿ, ಮಾಸ್ಕೋ. ಕೆಟ್ಟರೆ ಇರಲಿ ಅಂತ ಮೊರಾಕ್ಕೋದ ಟ್ಯಾಂಜಿಯರ್ ಮೂಲಕ ರೇಡಿಯೋ.

ಮಕ್ಕಳಿಗೆ ಮಾಡಿ ತೋರಿಸಲು ಚೆಂದದ ಭಾಗ ಗುಪ್ತಲಿಪಿ. ಪ್ರತಿ ಅಕ್ಷರಕ್ಕೂ ಕಾಗದದ ಪಟ್ಟಿಯಲ್ಲಿ ಅಡ್ಡಕ್ಕೆ ಐದು ಜಾಗ, ತೂತು ಇರಬಹುದು, ಇಲ್ಲದಿರಬಹುದು. ಇನ್ನೊಂದು ಪಟ್ಟಿಯಲ್ಲಿ ಅಡ್ಡಾದಿಡ್ಡಿ ತೂತು, ಅದೇ ಕೀಲಿ. ಎರಡರಲ್ಲಿ ಒಂದರಲ್ಲಿ ಮಾತ್ರ ತೂತಿದ್ದರೆ ಮೂರನೆಯ ಪಟ್ಟಿಗೆ ತೂತು ಹೊಡೆಯಿರಿ. ಎರಡರಲ್ಲೂ ಇದ್ದರೆ, ಎರಡರಲ್ಲೂ ಇಲ್ಲದಿದ್ದರೆ ಬೇಡ. ತಂತಿಯಲ್ಲಿ ಹೋಗುವುದು ಈ ಮೂರನೆಯದು. ಆ ತುದಿಯಲ್ಲಿ ಅದೇ ಕೀಲಿ ಜೊತೆ ಇದನ್ನೇ ಮತ್ತೆ ಮಾಡಿದರೆ ಮೂಲ ಸಂದೇಶ ವಾಪಸ್. ಒಂದು ಅಕ್ಷರ ಜಾರಿದರೂ ಮುಂದಿನದೆಲ್ಲ ಗೋಜಲು. ಒಂದೇ ಕೀಲಿಯನ್ನು ಎರಡು ಸಂದೇಶಕ್ಕೆ ಬಳಸಿದರೆ, ಕದ್ದು ಕೇಳುವವನು ಎರಡನ್ನೂ ಸೇರಿಸಿದಾಗ ಕೀಲಿ ತಾನೇ ಕಳಚಿಹೋಗುತ್ತದೆ. ಹಾಗಾಗಿ ಪ್ರತಿ ಪಟ್ಟಿ ಒಮ್ಮೆಗೆ ಮಾತ್ರ. ಕೀಲಿ ಪಟ್ಟಿಗಳನ್ನು ಸಂದೇಶ ಕಳಿಸುವ ದೇಶವೇ ತಯಾರಿಸಿ ಎದುರಿನವರಿಗೆ ಮುಟ್ಟಿಸುತ್ತಿತ್ತು. ಇದರಿಂದ ಯಾರೂ ತಮ್ಮ ನಿಜವಾದ ಗುಪ್ತಲಿಪಿ ವಿದ್ಯೆ ಬಿಟ್ಟುಕೊಡಬೇಕಿರಲಿಲ್ಲ.

ಮಂಡ್ಯದ ಮೇಷ್ಟ್ರು
ಪಟ್ಟಿಯ ಉಪಾಯ ಮಕ್ಕಳ ಕೈಲೇ ಮಾಡಿಸ್ತೀನಿ. ನಿಜವಾಗಿ ಉಪಯೋಗಕ್ಕೆ ಬಂತಾ ಸರ್?

ಸರಸ್ವತಿಪುರಂ ಓದುಗ
ಬಂತು. 1967ರ ಜೂನ್ 5, ಅರಬ್-ಇಸ್ರೇಲ್ ಯುದ್ಧ ಶುರುವಾದ ದಿನ ಸೋವಿಯತ್ ಪ್ರಧಾನಿ ಕೊಸಿಗಿನ್ ಮೊದಲು ಬಳಸಿದರು. ಜೂನ್ 8ಕ್ಕೆ ಅಮೆರಿಕದ ಲಿಬರ್ಟಿ ಹಡಗಿನ ಮೇಲೆ ಇಸ್ರೇಲ್ ದಾಳಿ ಮಾಡಿದಾಗ, ಅಮೆರಿಕದ ವಿಮಾನ ಹೋಗುತ್ತಿರುವುದು ಆ ಹಡಗಿನ ಕಡೆಗೆ ಅಂತ ಅಧ್ಯಕ್ಷ ಜಾನ್ಸನ್ ಇದರಲ್ಲೇ ತಿಳಿಸಿದರು. ನಮ್ಮ 1971ರ ಡಿಸೆಂಬರ್ ಯುದ್ಧದಲ್ಲೂ ನಿಕ್ಸನ್ ಬಳಸಿದ್ದಾರೆ. ಮಕ್ಕಳಿಗೆ ಅದು ಹತ್ತಿರದ ಉದಾಹರಣೆ.

ಕುವೆಂಪುನಗರ
ಇದರ ಮಿತಿಯನ್ನೂ ಹಾಕಿ, ದಯವಿಟ್ಟು. 1983ರ ಸೆಪ್ಟೆಂಬರ್ 26ರಂದು ಸೋವಿಯತ್ ಉಪಗ್ರಹ ವ್ಯವಸ್ಥೆ ಐದು ಅಮೆರಿಕನ್ ಕ್ಷಿಪಣಿ ಬರುತ್ತಿವೆ ಅಂತ ತೋರಿಸಿತು. ಎತ್ತರದ ಮೋಡಗಳ ಮೇಲೆ ಬಿದ್ದ ಬಿಸಿಲೇ ಅದಕ್ಕೆ ಕಾರಣ. ಖಂಡಾಂತರ ಕ್ಷಿಪಣಿ ಬರಲು ಅರ್ಧ ಗಂಟೆ. ಅಷ್ಟರಲ್ಲಿ ಬರೆದು, ಗುಪ್ತಲಿಪಿ ಮಾಡಿ, ಅನುವಾದಿಸಿ ಉತ್ತರ ಪಡೆಯುವುದು ಆಗದ ಮಾತು. ಅವತ್ತು ಉಳಿಸಿದ್ದು ಪಾಳಿಯಲ್ಲಿದ್ದ ಸೋವಿಯತ್ ಅಧಿಕಾರಿ ಸ್ಟಾನಿಸ್ಲಾವ್ ಪೆಟ್ರೊವ್: ನಿಜವಾದ ದಾಳಿ ಐದೇ ಕ್ಷಿಪಣಿಯಿಂದ ಶುರುವಾಗಲ್ಲ ಅಂತ ಯೋಚಿಸಿ, ಸುಳ್ಳು ಎಚ್ಚರಿಕೆ ಅಂತ ವರದಿ ಕೊಟ್ಟರು. 1988ರಲ್ಲಿ ಇನ್ನೊಂದು ಒಪ್ಪಂದ ಆಯಿತು: ಖಂಡಾಂತರ ಕ್ಷಿಪಣಿ ಹಾರಿಸುವ ಮುನ್ನ ಕನಿಷ್ಠ 24 ಗಂಟೆ ಮೊದಲೇ ತಿಳಿಸಬೇಕು. ಮಾದರಿಯಲ್ಲಿ ಜಾಗ ಇದ್ದರೆ ಟೆಲಿಪ್ರಿಂಟರ್ ಪಕ್ಕ ಒಂದು ಗಡಿಯಾರ ಇಟ್ಟು 30 ನಿಮಿಷ ಗುರುತು ಮಾಡಿಸಿ.