ಹೆವಿ ಮೆಟಲ್‌ಗೆ ಯಾವ ಗಿಟಾರ್ ಆಂಪ್ ತಗೋಬೇಕು? ಬಳಸಿ ಬಲ್ಲವರು ಹೇಳಿ

ಪ್ರಶ್ನೆ: ಡ್ರಾಪ್ ಸಿ ಟ್ಯೂನಿಂಗ್‌ನಲ್ಲಿ (ತಂತಿಗಳನ್ನು ಮಾಮೂಲಿಗಿಂತ ಇಳಿಸಿ, ಕೆಳ ತಂತಿಯನ್ನು ಸಿ ಸ್ವರಕ್ಕೆ ತಂದು) ಥ್ರ್ಯಾಶ್, ಮೆಟಲ್‌ಕೋರ್ ಅನ್ನೋ ಮೆಟಲ್ ಶೈಲಿಗಳನ್ನು ನುಡಿಸ್ತೀನಿ. ಸದ್ಯಕ್ಕಿರೋದು 8 ಇಂಚಿನ ಸ್ಪೀಕರ್ ಇರೋ 15 ವಾಟ್ ಪ್ರಾಕ್ಟೀಸ್ ಆಂಪ್. ಗೇನ್ (ಸದ್ದು ಒರಟಾಗುವಷ್ಟು ಸಿಗ್ನಲ್ ಹೆಚ್ಚಿಸೋ ಗುಂಡಿ) ಏರಿಸಿದರೆ ಕೆಳಗಿನ ತಂತಿ ಬರೀ ಗೊರಗೊರ ಅನ್ನುತ್ತೆ, ರಿಫ್ ಬಿಡಿಬಿಡಿಯಾಗಿ ಕೇಳಲ್ಲ. ಮನೆಗೂ ಡ್ರಮ್ಮರ್ ಜೊತೆಗೂ ಒಂದೇ ಆಂಪ್ ಸಾಕಾಗಬೇಕು. 100 ವಾಟ್ ಟ್ಯೂಬ್ ಹೆಡ್ಡೇ (ಗಾಜಿನ ಟ್ಯೂಬ್‌ಗಳಿಂದ ಸದ್ದು ಹೆಚ್ಚಿಸೋ, ಒಳಗೆ ಸ್ಪೀಕರ್ ಇಲ್ಲದ ಆಂಪ್) ಬೇಕಾ?

ಉತ್ತರ 1: ಗೊರಗೊರ ಬರ್ತಿರೋದು ಗೇನ್ ಸಾಲದೆ ಅಲ್ಲ, ಡಿಸ್ಟಾರ್ಷನ್‌ಗೆ (ಬೇಕಂತಲೇ ಸದ್ದು ಒರಟಾಗಿಸೋ ಹಂತಕ್ಕೆ) ಮೊದಲೇ ಬಾಸ್ ಜಾಸ್ತಿ ಒಳಗೆ ಹೋಗ್ತಿರೋದರಿಂದ. ಸ್ಟ್ಯಾಂಡರ್ಡ್ ಟ್ಯೂನಿಂಗ್‌ನ ಕೆಳ ತಂತಿ 82 ಹರ್ಟ್ಸ್, ಡ್ರಾಪ್ ಸಿಯಲ್ಲಿ ಅದು ಸುಮಾರು 65ಕ್ಕೆ ಇಳಿಯುತ್ತೆ. ಆ ದಪ್ಪ ಸಿಗ್ನಲ್ ಪ್ರೀಆಂಪನ್ನು (ಆಂಪಿನ ಮೊದಲ ಹಂತ) ತುಂಬಿಕೊಂಡುಬಿಟ್ಟರೆ ಪಿಕ್ ತಾಗುವ ಸದ್ದಿಗೆ ಜಾಗವೇ ಉಳಿಯಲ್ಲ. ಬಾಸನ್ನು ಡಿಸ್ಟಾರ್ಷನ್‌ಗೆ ಮೊದಲು ಕತ್ತರಿಸಿ, ಬೇಕಾದಷ್ಟನ್ನು ಆಮೇಲೆ ಸೇರಿಸಬೇಕು. ಅದಕ್ಕೇ ಮೆಟಲ್ ನುಡಿಸೋರು ಆಂಪ್ ಮುಂದೆ ಟ್ಯೂಬ್ ಸ್ಕ್ರೀಮರ್ ಥರದ ಓವರ್‌ಡ್ರೈವ್ ಪೆಡಲನ್ನು ಬೂಸ್ಟ್ ಆಗಿ ಇಡೋದು: ಡ್ರೈವ್ ಸೊನ್ನೆ, ಲೆವೆಲ್ ಪೂರ್ತಿ, ಟೋನ್ ನಡುವೆ. ಅದರ ಸರ್ಕ್ಯೂಟ್ 720 ಹರ್ಟ್ಸ್‌ಗಿಂತ ಕೆಳಗಿನದಕ್ಕೆ ಕಡಿಮೆ ಗೇನ್ ಕೊಡುತ್ತೆ. ಪೆಡಲ್ ಹಾಕಿದ ಮೇಲೆ ಆಂಪಿನ ಗೇನನ್ನು ಎರಡು ಅಂಕ ಇಳಿಸಿ.

ಆಂಪ್ ನೋಡೋಕೆ ನಿಮ್ಮದೇ ಗಿಟಾರ್ ತಗೊಂಡು ಹೋಗಿ, ನಿಮ್ಮದೇ ಟ್ಯೂನಿಂಗ್‌ನಲ್ಲಿ. ಬಾಸ್ 4, ಮಿಡ್ 6, ಟ್ರೆಬಲ್ 5, ಗೇನ್ 5. ಪೆಡಲ್ ಬೇಡ, ರಿವರ್ಬ್ ಬೇಡ. ಕೆಳ ತಂತಿಯಲ್ಲಿ ವೇಗವಾಗಿ ಪಾಮ್ ಮ್ಯೂಟ್ ಮಾಡಿ (ಅಂಗೈ ಅಂಚು ತಂತಿಗೆ ತಾಗಿಸಿಕೊಂಡು ನುಡಿಸಿ), ಥಟ್ಟನೆ ಕೈ ಒತ್ತಿ ನಿಲ್ಲಿಸಿ. ಕೈ ನಿಂತ ಕ್ಷಣವೇ ಸದ್ದೂ ನಿಲ್ಲಬೇಕು. ಆಮೇಲೂ ಗುಂಯ್ ಅಂತ ಬಾಲ ಎಳೆದರೆ ಆ ಆಂಪ್ ನಿಮ್ಮ ಕೆಲಸಕ್ಕಲ್ಲ, ಅಥವಾ ಬೂಸ್ಟ್ ಪೆಡಲ್ ಸೇರಿಸಿಯೇ ಲೆಕ್ಕ ಹಾಕಬೇಕು. ಪೀವಿ 5150, ಅದರ ಮುಂದುವರಿಕೆಯಾದ 6505, ಇವು ಪೆಡಲ್ ಇಲ್ಲದೆಯೂ ಬಿಗಿಯಾಗಿರುತ್ತವೆ. ಮೆಸಾ ರೆಕ್ಟಿಫೈಯರ್‌ನ ಕೆಳಭಾಗ ಅಗಲ, ಬೂಸ್ಟ್ ಹಾಕಿದಾಗ ಸೊಗಸಾಗಿ ಕಟ್ಟುತ್ತೆ. ಮಾರ್ಷಲ್ ಜೆಸಿಎಂ800ಗೆ ಇಂದಿನ ಮೆಟಲ್‌ಗೆ ಬೇಕಾದಷ್ಟು ಗೇನ್ ತಾನೇ ಇರಲ್ಲ, ಬೂಸ್ಟ್ ಕಡ್ಡಾಯ ಅಂದುಕೊಳ್ಳಿ.

ಉತ್ತರ 2: ವಾಟ್ ಲೆಕ್ಕ ಬಹಳ ಜನಕ್ಕೆ ತಪ್ಪುತ್ತೆ. 50ರಿಂದ 100 ವಾಟ್‌ಗೆ ಹೋದರೆ ಹೆಚ್ಚೋದು 3 ಡೆಸಿಬೆಲ್ ಅಷ್ಟೇ. ಕಿವಿಗೆ ಎರಡು ಪಟ್ಟು ಅನಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ವಾಟ್. ಅದೇ 3 ಡೆಸಿಬೆಲ್ ಸ್ಪೀಕರ್ ಬದಲಾಯಿಸಿದರೂ ಸಿಗುತ್ತೆ: ಸೆಲೆಸ್ಟಿಯನ್ ಜಿ12ಟಿ-75 ಸ್ಪೀಕರಿನ ಸೆನ್ಸಿಟಿವಿಟಿ (ಅಷ್ಟೇ ವಾಟ್‌ಗೆ ಎಷ್ಟು ಸದ್ದು ಅನ್ನೋದು) 97 ಡೆಸಿಬೆಲ್, ವಿಂಟೇಜ್ 30ರದು 100. ಟ್ಯೂಬ್ ಆದರೆ 50 ವಾಟ್ ಧಾರಾಳ, ಸಾಲಿಡ್ ಸ್ಟೇಟ್ (ಟ್ಯೂಬ್ ಬದಲು ಟ್ರಾನ್ಸಿಸ್ಟರ್ ಇರೋದು) ಆದರೆ 100ರ ಆಸುಪಾಸು ನೋಡಿ. ಸಾಲಿಡ್ ಸ್ಟೇಟ್ ಮಿತಿ ದಾಟಿದಾಗ ಸದ್ದು ಒಡೆಯುತ್ತೆ, ಅದಕ್ಕೇ ಸ್ವಲ್ಪ ಮೀಸಲು ಇರಲಿ.

ಹಣವನ್ನು ಕ್ಯಾಬಿನೆಟ್‌ಗೆ (ಸ್ಪೀಕರ್ ಪೆಟ್ಟಿಗೆಗೆ) ಹಾಕಿ. ಹಿಂಬದಿ ಮುಚ್ಚಿರೋ, 12 ಇಂಚಿನ ಎರಡು ಸ್ಪೀಕರ್‌ಗಳ ಕ್ಯಾಬಿನೆಟ್ ತಗೊಳ್ಳಿ. ಹಿಂಬದಿ ತೆರೆದಿದ್ದರೆ ಕೆಳ ಸ್ವರಗಳ ಬಿಗಿ ಹೋಗುತ್ತೆ, ಪಾಮ್ ಮ್ಯೂಟ್ ಎದೆಗೆ ಬಡಿಯಲ್ಲ. ಒಂದು ಎಚ್ಚರ: ಒಂದು ವಿಂಟೇಜ್ 30 ತಡೆಯೋದು 60 ವಾಟ್. ಒಂದೇ ಸ್ಪೀಕರ್ ಮೇಲೆ 100 ವಾಟ್ ಹೆಡ್ ತೆರೆದರೆ ಸ್ಪೀಕರಿನ ಕಾಯಿಲ್ ಸುಡಬಹುದು.

ಪ್ರಶ್ನೆ: ಸರಿ, ಆದರೆ ಮನೇಲಿ ಸಣ್ಣ ವಾಲ್ಯೂಮ್‌ನಲ್ಲಿ? ಮಾಡೆಲಿಂಗ್ ಆಂಪ್ (ಬೇರೆ ಬೇರೆ ಆಂಪ್‌ಗಳ ಸದ್ದನ್ನು ಡಿಜಿಟಲ್ ಆಗಿ ಅನುಕರಿಸೋದು) ತಗೊಂಡರೆ ತಪ್ಪಾ?

ಉತ್ತರ 3: ತಪ್ಪೇನಿಲ್ಲ. ನೀವು ಹೇಳಿದ ಎರಡೂ ಜಾಗಕ್ಕೆ ಹೊಂದೋದು ಅದೇ ಅಂತ ನನ್ನ ಖಚಿತ ಅಭಿಪ್ರಾಯ. ಡಿಸ್ಟಾರ್ಷನ್ ಹುಟ್ಟೋದು ವಾಲ್ಯೂಮ್‌ನಿಂದಲ್ಲವಾದ್ದರಿಂದ ಸಣ್ಣ ಸದ್ದಲ್ಲೂ ಅದೇ ರಚನೆ ಉಳಿಯುತ್ತೆ. ಕೆಡೋದು ಎರಡು ಕಡೆ.

ಮೊದಲನೆಯದು ಕ್ಯಾಬಿನೆಟ್ ಸಿಮ್ಯುಲೇಷನ್, ಅಂದರೆ ಸ್ಪೀಕರ್ ಪೆಟ್ಟಿಗೆಯ ಸದ್ದಿನ ಅನುಕರಣೆ. ಹೆಡ್‌ಫೋನ್, ಪಿಎ (ವೇದಿಕೆಯ ಧ್ವನಿವರ್ಧಕ) ಅಥವಾ ಸ್ಟುಡಿಯೋ ಮಾನಿಟರ್‌ಗೆ ಹೋಗುವಾಗ ಅದು ಆನ್ ಇರಬೇಕು, ಇಲ್ಲದಿದ್ದರೆ ಜೇನುಗೂಡಿಗೆ ಕಲ್ಲು ಹೊಡೆದಂಥ ಸದ್ದು. ಗಿಟಾರ್ ಕ್ಯಾಬಿನೆಟ್‌ಗೆ ಹೋಗುವಾಗ ಆಫ್ ಇರಬೇಕು, ಇಲ್ಲದಿದ್ದರೆ ಎರಡು ಕ್ಯಾಬಿನೆಟ್ ಒಂದರ ಮೇಲೊಂದು ಕೂತು ಕಂಬಳಿ ಹೊದೆಸಿದ ಹಾಗೆ ಮಂಕಾಗುತ್ತೆ. ಸಿಮ್ಯುಲೇಷನ್ ಆನ್ ಇದ್ದಾಗ ಲೋ ಕಟ್ 80–100 ಹರ್ಟ್ಸ್, ಹೈ ಕಟ್ 6–8 ಕಿಲೋಹರ್ಟ್ಸ್‌ನಿಂದ ಶುರು ಮಾಡಿ.

ಎರಡನೆಯದು ಮನೆಯ ಇಕ್ಯೂ (ಬಾಸ್, ಮಿಡ್, ಟ್ರೆಬಲ್ ಹೊಂದಾಣಿಕೆ) ಅನ್ನು ಹಾಗೇ ರಿಹರ್ಸಲ್‌ಗೆ ಒಯ್ಯೋದು. ಸಣ್ಣ ಸದ್ದಲ್ಲಿ ಕಿವಿಗೆ ಬಾಸ್ ಕಡಿಮೆ ಕೇಳುತ್ತೆ, ಅದಕ್ಕೆ ಬಾಸ್ ಏರಿಸಿ ಮಿಡ್ ಕತ್ತರಿಸ್ತೀವಿ. ಒಬ್ಬರೇ ನುಡಿಸುವಾಗ ದೊಡ್ಡ ಸದ್ದು ಅನಿಸೋ ಅದು, ಡ್ರಮ್ಸ್ ಶುರುವಾದ ಕೂಡಲೇ ಮಾಯ: ಕೆಳಗಿನದನ್ನು ಬಾಸ್ ಗಿಟಾರ್, ಕಿಕ್ ನುಂಗುತ್ತವೆ, ಮೇಲಿನದನ್ನು ಸಿಂಬಲ್. ಬ್ಯಾಂಡಿಗೆ ಬೇರೆಯೇ ಪ್ರಿಸೆಟ್ ಇಡಿ. ಬಾಸ್ ಇಳಿಸಿ, ಮಿಡ್ 6–7ಕ್ಕೆ ತಂದು, ಗೇನನ್ನೂ ಸ್ವಲ್ಪ ತಗ್ಗಿಸಿ.

ಉತ್ತರ 4: ಟ್ಯೂಬ್ ಕಡೆಗೇ ಮನಸ್ಸಿದ್ದರೆ ಇಷ್ಟು ತಿಳಿದಿರಲಿ. ಕ್ಯಾಬಿನೆಟ್ ಅಥವಾ ಲೋಡ್ ಬಾಕ್ಸ್ (ಸ್ಪೀಕರ್ ಬದಲು ಆಂಪಿನ ಶಕ್ತಿ ಹೀರಿಕೊಳ್ಳೋ ಡಬ್ಬ) ಜೋಡಿಸದೆ ಯಾವತ್ತೂ ಆನ್ ಮಾಡಿ ನುಡಿಸಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗಬಹುದು. ಹೆಡ್‌ನಿಂದ ಕ್ಯಾಬಿನೆಟ್‌ಗೆ ಸ್ಪೀಕರ್ ಕೇಬಲ್ಲೇ ಬೇಕು. ನೋಡೋಕೆ ಒಂದೇ ಥರ ಇದ್ದರೂ ಗಿಟಾರ್ ಕೇಬಲ್‌ನ ಒಳತಂತಿ ಸಣ್ಣದು, ಆ ಕರೆಂಟ್‌ಗೆ ಬಿಸಿಯಾಗುತ್ತೆ. ಆಂಪ್, ಕ್ಯಾಬಿನೆಟ್‌ಗಳ ಓಮ್ಸ್ (ವಿದ್ಯುತ್ ತಡೆಯ ಅಳತೆ) ಹೊಂದಿಸಿ: 16 ಓಮ್ಸ್‌ನ ಎರಡು ಕ್ಯಾಬಿನೆಟ್ ಪ್ಯಾರಲಲ್ ಆದರೆ 8, 8ರ ಎರಡಾದರೆ 4. ಸಾಲಿಡ್ ಸ್ಟೇಟ್ ಹೆಡ್‌ನಲ್ಲಿ ಹೇಳಿರೋ ಕನಿಷ್ಠಕ್ಕಿಂತ ಕೆಳಗೆ ಹೋಗಬೇಡಿ. ಅದರಲ್ಲಿ ಓಮ್ಸ್ ಎರಡು ಪಟ್ಟಾದರೆ ವಾಟ್ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತೆ, ಡಬ್ಬದ ಮೇಲಿನ 100 ವಾಟ್ ಯಾವ ಓಮ್ಸ್‌ನಲ್ಲಿ ಅಂತ ಓದಿ.

ಸೆಕೆಂಡ್ ಹ್ಯಾಂಡ್ ಆದರೆ ಗೇನ್ ಏರಿಸಿ, ಪೆನ್ಸಿಲ್ ತುದಿಯಿಂದ ಪ್ರೀಆಂಪ್ ಟ್ಯೂಬ್‌ಗಳನ್ನು ಮೆಲ್ಲಗೆ ತಟ್ಟಿ ನೋಡಿ. ಯಾವುದಾದರೂ ಗಂಟೆ ಥರ ಜೋರಾಗಿ ಮೊಳಗಿದರೆ ಅದು ಮೈಕ್ರೋಫೋನಿಕ್ ಆಗಿದೆ. ಅದೊಂದನ್ನು ಬದಲಿಸಿದರೆ ಸಾಕು, ಅದಕ್ಕಾಗಿ ಆಂಪ್ ಬಿಡಬೇಕಿಲ್ಲ. ಪವರ್ ಟ್ಯೂಬ್‌ಗಳನ್ನು ಮುಟ್ಟಬೇಡಿ, ಕೈ ಸುಡುತ್ತೆ. ಹಿಂಬದಿಯ ವೋಲ್ಟೇಜ್ ಗುರುತನ್ನೂ ನೋಡಿಕೊಳ್ಳಿ.

ಉತ್ತರ 5: ಎಫೆಕ್ಟ್ಸ್ ಲೂಪ್ (ಪ್ರೀಆಂಪ್ ಆದ ಮೇಲೆ ಪೆಡಲ್ ಸೇರಿಸೋಕೆ ಇರೋ ಸೆಂಡ್, ರಿಟರ್ನ್ ಜ್ಯಾಕ್‌ಗಳು) ಇಲ್ಲದ ಹೈ ಗೇನ್ ಆಂಪ್ ತಗೋಬೇಡಿ. ಡಿಲೇ, ರಿವರ್ಬ್‌ಗಳನ್ನು ಡಿಸ್ಟಾರ್ಷನ್ ಆದ ಮೇಲೆ ಇಡೋಕೆ ಅದು ಬೇಕು, ಮುಂದೆ ಇಟ್ಟರೆ ಎಲ್ಲ ಕಲಸಿಹೋಗುತ್ತೆ. ನುಡಿಸದಿದ್ದಾಗ ಗದ್ದಲ ಮುಚ್ಚಿಹಾಕೋ ನಾಯ್ಸ್ ಗೇಟ್ ಪೆಡಲ್‌ಗೂ ಅಲ್ಲೇ ಲಾಭ. ಪ್ರೀಆಂಪಿನ ಸುಯ್‌ಗುಡುವಿಕೆ ಹುಟ್ಟೋದು ಗಿಟಾರ್ ಆದ ಮೇಲೆ, ಆದ್ದರಿಂದ ಇನ್‌ಪುಟ್ ಮುಂದಿನ ಗೇಟ್ ಅದನ್ನು ತಡೆಯಲಾರದು. ನಾಲ್ಕು ಜ್ಯಾಕ್ ಇರೋ ಗೇಟ್ ಆದರೆ ಗಿಟಾರಿನ ಸಿಗ್ನಲ್ ನೋಡಿಕೊಂಡು ಲೂಪಿನಲ್ಲಿ ಬಾಗಿಲು ಹಾಕುತ್ತೆ: ಗಿಟಾರ್ ಗೇಟ್‌ನ ಇನ್‌ಪುಟ್‌ಗೆ, ಅಲ್ಲಿಂದ ಸೆಂಡ್ ಬೂಸ್ಟ್ ಪೆಡಲ್ ಮೂಲಕ ಆಂಪಿನ ಇನ್‌ಪುಟ್‌ಗೆ, ಆಂಪಿನ ಸೆಂಡ್ ಗೇಟ್‌ನ ರಿಟರ್ನ್‌ಗೆ, ಗೇಟ್‌ನ ಔಟ್‌ಪುಟ್ ಡಿಲೇ ದಾಟಿ ಆಂಪಿನ ರಿಟರ್ನ್‌ಗೆ. ತಂತಿಗಳನ್ನು ಕೈಯಲ್ಲಿ ಒತ್ತಿ ಹಿಡಿದು, ಸದ್ದು ಅಡಗುವವರೆಗೆ ಮಾತ್ರ ಥ್ರೆಶೋಲ್ಡ್ (ಗೇಟ್ ಯಾವ ಮಟ್ಟಕ್ಕಿಂತ ಕೆಳಗೆ ಮುಚ್ಚಬೇಕು ಅನ್ನೋ ಗುಂಡಿ) ಏರಿಸಿ. ಅದಕ್ಕಿಂತ ಹೆಚ್ಚಾದರೆ ಎಳೆದು ಬಿಟ್ಟ ಕಾರ್ಡ್‌ನ ಕೊನೆ ಕತ್ತರಿಸಿಹೋಗುತ್ತೆ.