ಅಪ್‌ಡೇಟ್: ಕಾಲುಸಂಕದ ಬೇಡಿಕೆ ಗ್ರಾಮಸಭೆಗೆ ಹೋಯಿತು

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಕೇರಿಯ ಹಳ್ಳಕ್ಕೆ ಹಾಕಿದ್ದ ಅಡಿಕೆ ಮರದ ಕಾಲುಸಂಕ (ನಡೆದು ದಾಟುವ ಸಣ್ಣ ಸೇತುವೆ) ಮಳೆಗೆ ಕೊಚ್ಚಿಹೋದ ಮೇಲೆ, ಶಾಸಕರಿಗೆ ಮನವಿ ಕೊಡಬೇಕೋ ಪಂಚಾಯಿತಿಗೋ ಎಂದು ಆಷಾಢದಲ್ಲಿ ಕೇಳಿದ್ದೆ. ಮೊದಲು ವಾರ್ಡ್ ಸಭೆಯಲ್ಲಿ ವಿಷಯ ದಾಖಲಾಗಲಿ ಎಂದು ಹಿರಿಯರೊಬ್ಬರು ಸೂಚಿಸಿದ್ದರು, ಹಾಗೆಯೇ ಮಾಡಿದೆವು.

ವಾರ್ಡ್ ಸಭೆಗೆ ತೊಂದರೆಯಾಗಲಿಲ್ಲ. ಆದರೆ ಗ್ರಾಮಸಭೆ ಮೊದಲ ಸಲ ಕೋರಂ ಇಲ್ಲದೆ ಮುಂದಕ್ಕೆ ಹೋಯಿತು. 1993ರ ಪಂಚಾಯತ್ ರಾಜ್ ಅಧಿನಿಯಮದ ಪ್ರಕಾರ ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ ನೂರು ಮಂದಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಇರಲೇಬೇಕು. ಕೊನೆಮದ್ದಿನ, ಅಂದರೆ ಅಡಿಕೆ ಗೊನೆಗಳಿಗೆ ಕೊಳೆರೋಗ ಬಾರದಂತೆ ಮದ್ದು ಹೊಡೆಯುವ, ಗಡಿಬಿಡಿಯಲ್ಲಿ ತೋಟ ಬಿಟ್ಟು ಬರುವವರು ಯಾರು? (ನಾನೂ ಅರ್ಧ ಗಂಟೆ ತಡವಾಗಿಯೇ ಹೋಗಿದ್ದೆ.)

ಎರಡನೆಯ ಸಲ ಮನೆಮನೆಗೆ ಹೋಗಿ ಕರೆದೆವು. ಸಂಕವಿಲ್ಲದೆ ಮಕ್ಕಳು ಶಾಲೆಗೆ ಎರಡು ಮೈಲಿ ಸುತ್ತಿ ಹೋಗಬೇಕಾಗಿದೆ ಎಂದು ನೆರೆಮನೆಯ ಅಕ್ಕ ಎದ್ದುನಿಂತು ಹೇಳಿದಾಗ, ಅದುವರೆಗೆ ಮೊಬೈಲ್ ನೋಡುತ್ತಿದ್ದ ಸದಸ್ಯರೂ ತಲೆಯೆತ್ತಿದರು. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರು ವಿಷಯವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿದರು. ಸಹಿ ಹಾಕುವ ಮುನ್ನ ಓದಿ ಹೇಳಿರೆಂದು ಒತ್ತಾಯಿಸಿದ್ದು ಒಳ್ಳೆಯದೇ ಆಯಿತು, ಏಕೆಂದರೆ ‘ಕಾಲುಸಂಕ’ ಇರಬೇಕಾದಲ್ಲಿ ‘ಚರಂಡಿ’ ಎಂದಿತ್ತು.

ಕಾಮಗಾರಿ ಈಗ ಪಂಚಾಯಿತಿಯ ಕ್ರಿಯಾಯೋಜನೆಯಲ್ಲಿ ಸೇರಿದೆ, ಹಣ ಇನ್ನೂ ಬಂದಿಲ್ಲ. ಸದ್ಯಕ್ಕೆ ನಾವೇ ಮತ್ತೆ ನಾಲ್ಕು ಅಡಿಕೆ ಮರ ಕಡಿದು ಹಾಕಿಕೊಂಡಿದ್ದೇವೆ.